ತವರದ ಸೇನೆ

ಮನುಷ್ಯನು ವಿನೋದಕ್ಕೆ ವಸ್ತುವನ್ನಾಗಿ ಮಾಡಿಕೊಳ್ಳದ ವಿಷಯವು ಲೋಕದಲ್ಲಿ ಇಲ್ಲವೆಂದೇ ಹೇಳಬೇಕು. ಅತ್ಯಂತ ದಾರುಣವಾದ ಯುದ್ಧವೂ ಅವನ ಆಟದಿಂದ ತಪ್ಪಿಸಿಕೊಂಡಿಲ್ಲ. ಒಂದಂಗುಲದಷ್ಟು ಎತ್ತರದ ಸೈನಿಕರ ಬೊಂಬೆಗಳಿಗೆ ಬಣ್ಣವಿಟ್ಟು, ಮೇಜಿನ ಮೇಲೆ ವ್ಯೂಹಗಳನ್ನೊಡ್ಡಿ, ದಾಳಗಳನ್ನು ಉರುಳಿಸಿ, ಅಳತೆಪಟ್ಟಿಯಿಂದ ಸೇನೆಯ ನಡೆಯನ್ನಳೆದು, ಹಿಂದಿನ ಕದನಗಳನ್ನು ಮತ್ತೆ ಕಾದುವ ಹವ್ಯಾಸವೊಂದು ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ ಉಂಟು. ಇದನ್ನು ಕೈಗೊಂಡವರು ಬಹುಮಟ್ಟಿಗೆ ಮಕ್ಕಳಲ್ಲ, ವಯಸ್ಕರು, ವಿದ್ಯಾವಂತರು. ಆಟಕ್ಕೆ ಒಂದು ಸಂಜೆ ಸಾಕು. ಬಣ್ಣಕ್ಕೆ ತಿಂಗಳುಗಳು ಬೇಕು. ಬೊಂಬೆಯನ್ನು ತೊಳೆದು ಅಸ್ತರು ಬಳಿದು, ಮುಖ, ಅಂಗಿ, ನಡುಪಟ್ಟಿ, ಗುಂಡಿ ಎಂಬ ಕ್ರಮದಿಂದ ಕೂದಲೆಳೆಯಂತಹ ಕುಂಚದಿಂದ ಬಣ್ಣವಿಡುವರು. ತೆಳುವಾದ ಕಪ್ಪು ನೀರನ್ನು ಬಟ್ಟೆಯ ಮಡಿಕೆಗಳಲ್ಲಿ ಇಳಿಯಬಿಟ್ಟು ನೆರಳನ್ನು ತೋರಿಸುವರು. ಒಂದು ದಳದ ಕಾಲರು ಹಳದಿಯೋ ಹಸುರೋ ಎಂಬುದನ್ನು ನಿಶ್ಚಯಿಸಲು ಗ್ರಂಥಗಳನ್ನೇ ತಡಕುವರು.

ಸಾವಿರಾರು ಜನರು ನರಳಿ ಸತ್ತ ಸಂಗತಿಯನ್ನು ಹೀಗೆ ಅಂದಗೊಳಿಸಿ ಆಡುವುದು ಯುಕ್ತವೇ ಎಂಬುದು ಇಲ್ಲಿಯ ಪ್ರಶ್ನೆ.

ಈ ಆಟದ ಮೂಲಪುರುಷರು ಪಾಶ್ಚಾತ್ಯರೇ ಎಂದು ಹೇಳಿ ಭಾರತೀಯರು ಕೈ ತೊಳೆದುಕೊಳ್ಳುವಂತಿಲ್ಲ. ಆನೆ, ಕುದುರೆ, ರಥ, ಪದಾತಿಗಳನ್ನು ಮಣೆಯ ಮೇಲೆ ನಿಲ್ಲಿಸಿದ ಚತುರಂಗವು ಈ ನೆಲದಲ್ಲಿ ಹುಟ್ಟಿದುದು. ಏಳನೆಯ ಶತಮಾನದ ಬಾಣಭಟ್ಟನು ಹರ್ಷಚರಿತದಲ್ಲಿ ಅದನ್ನು ಶ್ಲೇಷೆಯಿಂದ ಸೂಚಿಸಿದ್ದಾನೆ. ಅದೇ ಆಟವು ಪಶ್ಚಿಮಕ್ಕೆ ಹೋಗಿ ಬೆಳೆಯಿತು. ಜರ್ಮನಿಯ ಬ್ರೌನ್‌ಷ್ವೈಗಿನಲ್ಲಿ ಹೆಲ್ವಿಗ್ ಎಂಬ ಪಂಡಿತನು 1780ರಲ್ಲಿ ಚತುರಂಗದ ಮಣೆಯನ್ನು ಹಿಗ್ಗಿಸಿ, ಅದರಲ್ಲಿ ನದಿ ಬೆಟ್ಟಗಳನ್ನು ಸೇರಿಸಿದನು. 1824ರಲ್ಲಿ ಪ್ರಷ್ಯದ ರೈಸ್‌ವಿಟ್ಸ್ ಎಂಬ ಸೇನಾಧಿಕಾರಿಯು ಮಣೆಯನ್ನೇ ಬಿಟ್ಟು ಭೂಪಟದ ಮೇಲೆ ಆಡುವ ಕ್ರಮವನ್ನು ಪ್ರಕಟಿಸಿದನು. ಅದು ಅಲ್ಲಿಯ ಅಧಿಕಾರಿಗಳ ಶಿಕ್ಷಣಕ್ಕೆ ಒದಗಿತು. 1913ರಲ್ಲಿ ಎಚ್. ಜಿ. ವೆಲ್ಸ್ ಎಂಬ ಪ್ರಸಿದ್ಧ ಲೇಖಕನು ‘ಲಿಟಲ್ ವಾರ್ಸ್’ ಎಂಬ ಪುಸ್ತಕವನ್ನು ಬರೆದು ಬೊಂಬೆಯ ಯುದ್ಧವನ್ನು ಮನೆಯೊಳಕ್ಕೆ ತಂದನು.

ಪೂರ್ವಪಕ್ಷವು ಹೀಗಿದೆ: ಆಟದಲ್ಲಿ ಸೈನಿಕನು ಬಿದ್ದರೆ ಅವನನ್ನು ಎರಡು ಬೆರಳಿನಿಂದೆತ್ತಿ ಪಕ್ಕಕ್ಕಿಡುತ್ತಾರೆ. ಹೀಗೆ ಅಭ್ಯಾಸವಾದ ಮನಸ್ಸು ಮನುಷ್ಯರನ್ನೂ ಹಾಗೆಯೇ ಎಣಿಸಲು ಕಲಿಯುವುದಿಲ್ಲವೇ? ಇದಕ್ಕೆ ವೆಲ್ಸನು ಕೊಟ್ಟ ಸಮಾಧಾನದ ತಾತ್ಪರ್ಯವೇನೆಂದರೆ, ಬೊಂಬೆಯ ಯುದ್ಧದಲ್ಲಿ ಯಾರಿಗೂ ಹಾನಿಯಿಲ್ಲ. ಅದನ್ನು ಮೂರು ನಾಲ್ಕು ಸಲ ಆಡಿದವನಿಗೆ ನಿಜವಾದ ಯುದ್ಧವು ಎಷ್ಟು ಅವಿವೇಕದ ಕಾರ್ಯವೆಂಬುದು ಮನಗಾಣುವುದು, ಎಂದು. ಆದರೆ ಆ ಪುಸ್ತಕವು ಹೊರಬಂದ ಮರುವರ್ಷವೇ ಮಹಾಯುದ್ಧವು ಹೊತ್ತಿಕೊಂಡಿತು. ಆಟವು ಯುದ್ಧವನ್ನು ತಡೆಯುವುದೆಂಬ ಮಾತು ಅತಿಯಾಯಿತು. ಆಟವೇ ಯುದ್ಧವನ್ನು ಹುಟ್ಟಿಸಿತೆಂಬ ಮಾತೂ ಅಷ್ಟೇ ಅತಿ. ಆದುದರಿಂದ ವಿಚಾರವನ್ನು ಫಲದಿಂದ ಹಿಂದಕ್ಕೆ ಸರಿಸಿ, ಆಟಗಾರನ ಅಂತಃಕರಣದಲ್ಲಿ ನಡೆಯುವುದೇನೆಂದು ನೋಡಬೇಕು.

ಇಲ್ಲಿ ಆಲಂಕಾರಿಕರ ಮತವು ಸಹಾಯಕ್ಕೆ ಬರುತ್ತದೆ. ವೀರವೂ ಒಂದು ರಸವೇ. ಅದರ ಆಸ್ವಾದನೆಯಲ್ಲಿ ದೋಷವಿಲ್ಲ. ಆದರೂ ಯುದ್ಧವನ್ನೂ ಮರಣವನ್ನೂ ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸಬಾರದೆಂದು ನಾಟ್ಯಶಾಸ್ತ್ರಜ್ಞರು ವಿಧಿಸಿದರು. ಭಾಸನದೆಂದು ಪ್ರಸಿದ್ಧವಾದ ಊರುಭಂಗದಲ್ಲಿ ಆ ವಿಧಿಯನ್ನು ಮೀರಿ ದುರ್ಯೋಧನನ ಮರಣವನ್ನು ರಂಗದಲ್ಲಿಯೇ ತೋರಿಸಿದೆ. ಆದರೆ ಕವಿಯು ಅವನ ಬಳಿಗೆ ಕುರುಡು ತಂದೆಯನ್ನೂ ತಾಯಿಯನ್ನೂ ಹೆಂಡಿರನ್ನೂ ಎಳೆಯ ಮಗನನ್ನೂ ಕರೆತಂದನು. ಮಹಾಭಾರತದಲ್ಲಿಯೂ ಹದಿನೆಂಟು ದಿನಗಳ ಯುದ್ಧವಾದ ಮೇಲೆ ಸ್ತ್ರೀಪರ್ವವುಂಟು. ಮೇಜಿನ ಯುದ್ಧಕ್ಕಾದರೋ ಸ್ತ್ರೀಪರ್ವವಿಲ್ಲ. ಸತ್ತವರೂ ಗೆದ್ದವರೂ ಒಂದೇ ಪೆಟ್ಟಿಗೆಯನ್ನು ಸೇರಿ, ಮುಂದಿನ ವಾರ ಮತ್ತೆ ಎದ್ದು ನಿಲ್ಲುತ್ತಾರೆ. ಈ ನ್ಯೂನತೆಯನ್ನು ಆಟದ ನಿಯಮವು ತುಂಬಲಾರದು. ತುಂಬಬೇಕಾದವನು ಬೊಂಬೆಗೆ ಬಣ್ಣವಿಡುವವನೇ.

ಹೇಗೆಂದರೆ, ಸತ್ಯದಿಂದ. ವಾಟರ್ಲೂ ಯುದ್ಧವು ನಡೆದುದು 1815ನೆಯ ಜೂನ್ 18ರಂದು. ಅದರ ಹಿಂದಿನ ರಾತ್ರಿಯೆಲ್ಲ ಭಾರಿ ಮಳೆ ಸುರಿಯಿತು. ಸೈನಿಕರು ಬಯಲಿನಲ್ಲಿ ನೆನೆದು ಮಲಗಿ, ಬೆಳಗ್ಗೆ ಕೆಸರಿನಲ್ಲಿ ಎದ್ದರು. ಆ ದಿನದ ಸೈನಿಕನ ಷರಾಯಿಯನ್ನು ಕವಾಯತಿನ ದಿನದಂತೆ ಬೆಳ್ಳಗೆ ಬಳಿಯುವವನು ಚೆಲುವಾದ ಸುಳ್ಳನ್ನು ಬರೆದಂತಾಯಿತು. ಮೊಣಕಾಲವರೆಗೆ ಕೆಸರನ್ನೂ ಅಂಗಿಗೆ ತೇಪೆಯನ್ನೂ ಬಳಿಯುವವನು, ಆ ಬಟ್ಟೆಯೊಳಗೆ ಚಳಿಯಿಂದ ನಡುಗಿದ ಒಬ್ಬ ಮನುಷ್ಯನಿದ್ದನೆಂದು ಕ್ಷಣಮಾತ್ರವಾದರೂ ನೆನೆದಿರುವನು. ಅಷ್ಟರಮಟ್ಟಿಗೆ ಅವನ ಕೆಲಸವು ಸ್ಮರಣೆಯೇ ಆಗುತ್ತದೆ.

ಆದರೆ ಕೆಸರಿನ ಸತ್ಯವು ಸುಲಭ. ಸಂಖ್ಯೆಯ ಸತ್ಯವು ಕಠಿನ. ಇದಕ್ಕೆ ಕ್ಯಾಪ್ಟನ್ ವಿಲಿಯಂ ಸೈಬಾರ್ನನ ವೃತ್ತಾಂತವೇ ಸಾಕ್ಷಿ. ಇದೇ ವಾಟರ್ಲೂ ಕದನದ ಪ್ರತಿಕೃತಿಯನ್ನು ರಚಿಸುವ ಕಾರ್ಯವು 1830ರಲ್ಲಿ ಅವನ ಪಾಲಿಗೆ ಬಂದಿತು. ಅವನು ರಣಭೂಮಿಯಲ್ಲಿದ್ದ ತೋಟದ ಮನೆಯೊಂದರಲ್ಲಿ ತಿಂಗಳುಗಟ್ಟಲೆ ವಾಸಮಾಡಿ ನೆಲವನ್ನಳೆದನು. ಕಾದಿ ಬದುಕಿದ ಅಧಿಕಾರಿಗಳಿಗೆ ನೂರಾರು ಕಾಗದಗಳನ್ನು ಬರೆದು, ಸಂಜೆ ಏಳು ಗಂಟೆಗೆ ಅವರವರ ದಳವು ಎಲ್ಲಿ ನಿಂತಿತ್ತು, ಹೊಲದಲ್ಲಿ ಯಾವ ಪೈರಿತ್ತು ಎಂದು ವಿಚಾರಿಸಿದನು. ಸರ್ಕಾರವು ನಡುವೆಯೇ ಹಣವನ್ನು ನಿಲ್ಲಿಸಲು, ಸಾಲಮಾಡಿ ಕೆಲಸವನ್ನು ಮುಂದುವರಿಸಿದನು. 1838ರಲ್ಲಿ ಲಂಡನ್ನಿನಲ್ಲಿ ಅದರ ಪ್ರದರ್ಶನವಾಯಿತು. ಅದರಲ್ಲಿ ನಿಂತಿದ್ದ ಲೋಹದ ಬೊಂಬೆಗಳು 70,000ಕ್ಕೂ ಹೆಚ್ಚು.

ಆ ಸಂಜೆಯ ಹೊತ್ತಿಗೆ ಬ್ಲೂಷರನ ಪ್ರಷ್ಯದ ಸೈನ್ಯವು ರಣರಂಗವನ್ನು ಸೇರಿತ್ತೆಂದು ಸೈಬಾರ್ನನ ಸಂಶೋಧನೆಯು ತೋರಿಸಿತು. ಅವನು ಅವರನ್ನೂ ಸಾವಿರಗಟ್ಟಲೆ ನಿಲ್ಲಿಸಿದನು. ಇದರಿಂದ ಗೆಲುವಿನ ಯಶಸ್ಸು ಹಂಚಿಹೋಗುವುದೆಂದು ವೆಲಿಂಗ್ಟನ್ ಪ್ರಭುವಿಗೂ ಅವನ ಪಕ್ಷದವರಿಗೂ ಅಸಮಾಧಾನವಾಯಿತು. ಕೊನೆಗೆ ಸೈಬಾರ್ನನು ಪ್ರಷ್ಯದ ಬೊಂಬೆಗಳಲ್ಲಿ ಹಲವು ಸಾವಿರವನ್ನು ಕಿತ್ತು ತೆಗೆದನು. ಅದು ಸಾಕ್ಷ್ಯಕ್ಕೆ ಮಣಿದ ತಿದ್ದುಪಡಿಯೋ ಅಧಿಕಾರಕ್ಕೆ ಮಣಿದ ಅಂಜಿಕೆಯೋ ಎಂಬುದರಲ್ಲಿ ಇತಿಹಾಸಕಾರರಿಗೆ ಐಕಮತ್ಯವಿಲ್ಲ. ಸಾಕ್ಷ್ಯಕ್ಕೆ ಮಣಿದಿದ್ದರೆ ಅವನು ಪೂಜ್ಯನು. ಅಧಿಕಾರಕ್ಕೆ ಮಣಿದಿದ್ದರೆ, ಆಟದ ಬೊಂಬೆಗೂ ಮನುಷ್ಯನಿಗೂ ಇರುವ ಸಂಬಂಧವು ಅಲ್ಲಿ ಸ್ಪಷ್ಟವಾಗುತ್ತದೆ. ಆ ದಿನ ಪ್ರಷ್ಯದವರಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 7,000 ಜನ. ಅವರ ನೆನಪನ್ನು ಹೊತ್ತ ಬೊಂಬೆಗಳನ್ನು ಕಿತ್ತಾಗ ತೊಟ್ಟು ರಕ್ತವೂ ಬೀಳಲಿಲ್ಲ; ಅನ್ಯಾಯವು ಮಾತ್ರ ಬೊಂಬೆಗಳಿಗಲ್ಲ, ಸತ್ತವರಿಗೇ ಮುಟ್ಟಿತು.

ಆದುದರಿಂದ ಸಿದ್ಧಾಂತವಿಷ್ಟು. ಸೈನಿಕರ ಬೊಂಬೆಗೆ ಬಣ್ಣವಿಡುವುದರಲ್ಲಿಯೂ ಅವುಗಳೊಡನೆ ಆಡುವುದರಲ್ಲಿಯೂ ಪಾಪವಿಲ್ಲ. ಸೋತವನನ್ನು ಕುರೂಪಗೊಳಿಸಿ ಗೆದ್ದವನನ್ನು ತಿದ್ದುವುದು, ಕೆಸರನ್ನು ಒರೆಸುವುದು, ಒಲ್ಲದವರನ್ನು ಮೇಜಿನಿಂದ ಇಳಿಸುವುದು—ದೋಷವಿರುವುದು ಇವುಗಳಲ್ಲಿ. ಸೈಬಾರ್ನನ ಪ್ರತಿಕೃತಿಯು ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ನೋಡುವವನು ನಿಂತಿರುವ ಬೊಂಬೆಗಳನ್ನು ಕಂಡು ಬೆರಗಾಗುವುದು ಸಹಜ. ಬೊಂಬೆಗಳನ್ನು ತೆಗೆದ ಬರಿಯ ನೆಲವನ್ನೂ ಅವನು ಒಂದು ಗಳಿಗೆ ನೋಡಬೇಕು.