ಹೆಣ್ಣುಮಗಳ ಪಾಲು ಮತ್ತು ಮರಣಶಾಸನ

ತಂದೆಯು ಲಿಂಗೈಕ್ಯನಾದ ಬಳಿಕ ಅಣ್ಣತಮ್ಮಂದಿರು ಒಡಹುಟ್ಟಿದವಳನ್ನು ತವರಿಗೆ ಕರೆಯಿಸಿ, ಉಡಿ ತುಂಬಿ, ಸೀರೆ ಕುಪ್ಪಸಗಳನ್ನಿತ್ತು, ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಳ್ಳುವುದು ಅನೇಕ ಮನೆಗಳಲ್ಲಿ ನಡೆದುಬಂದ ರೂಢಿ. ಅರಿಸಿನ ಕುಂಕುಮದ ಹೆಸರಿನಲ್ಲಿ ಅಲ್ಪ ಹಣವನ್ನು ಕೈಯಲ್ಲಿಡುವುದೂ ಉಂಟು. ಆಕೆ ಮರುಮಾತಾಡದೆ ರುಜು ಹಾಕುವಳು; ಹಾಕದಿದ್ದರೆ ತವರಿನ ಬಾಗಿಲು ಮುಚ್ಚೀತೆಂಬ ಅಳುಕು. ಇದನ್ನು ತ್ಯಾಗವೆನ್ನಬಹುದೆ? ತನ್ನದೆಂಬುದನ್ನು ಅರಿತು, ಅಂಜಿಕೆಯಿಲ್ಲದೆ ಕೊಟ್ಟುದು ದಾನ. ಅಂಜಿ ಕೊಟ್ಟುದಕ್ಕೆ ಬೇರೆ ಹೆಸರಿದೆ.

ಈ ಪ್ರಸಂಗದಲ್ಲಿ ಆಯ್ದಕ್ಕಿ ಲಕ್ಕಮ್ಮನನ್ನು ನೆನೆದು, ಹೆಣ್ಣಿಗೆ ಆಸೆ ಸಲ್ಲದೆಂದು ಉಪದೇಶಿಸುವವರುಂಟು. ಆದರೆ ಆ ಶರಣೆ ಬುದ್ಧಿ ಹೇಳಿದುದು ಯಾರಿಗೆ? ಬೇಕಾದುದಕ್ಕಿಂತ ಮಿಗಿಲಾಗಿ ಅಕ್ಕಿಯನ್ನು ಆಯ್ದು ತಂದ ಪತಿ ಮಾರಯ್ಯನಿಗೆ. ಮಿಗಿಲಾದುದು ಯಾರ ಕೈಯಲ್ಲಿದೆಯೋ ಅವರಿಗೇ ಆ ಮಾತು ಸಲ್ಲುವುದು. ಅಣ್ಣನು ಮುಪ್ಪಿನ ತಂದೆತಾಯಿಗಳನ್ನು ಸಲಹಿದ್ದರೆ, ಮನೆತನದ ಸಾಲ ತೀರಿಸಿದ್ದರೆ, ಅದನ್ನು ಲೆಕ್ಕಕ್ಕೆ ಹಿಡಿಯುವುದು ನ್ಯಾಯವೇ ಸರಿ. ಲೆಕ್ಕವು ಮಾತ್ರ ತಂಗಿಯ ಕಣ್ಣೆದುರಿಗೇ ಆಗಬೇಕು.

1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ತನ್ನ ವ್ಯಾಪ್ತಿಯಲ್ಲಿ ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ಹೇಳಿದೆ. ಹೆಣ್ಣುಮಗಳು ಹೊಂದಿರುವ ಆಸ್ತಿಗೆ ಆಕೆಯೇ ಪೂರ್ಣ ಒಡತಿಯೆಂದು ಅದರ 14ನೆಯ ಕಲಮು ಸಾರಿತು. ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲುಂಟೆಂದು ಕರ್ನಾಟಕವು 1994ರಲ್ಲಿ ತಿದ್ದುಪಡಿ ತಂದಿತಾದರೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆ ವೇಳೆಗೆ ತಂದೆಯು ಬದುಕಿರಲೇಬೇಕೆಂಬ ನಿಯಮವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಪಿತ್ತಿದೆ.

ಪಾಲು ಪಡೆಯುವ ಮಾತು ಇಷ್ಟಾದರೆ, ತನ್ನ ಗಳಿಕೆಯ ಮುಂದಿನ ಗತಿಯೇನೆಂಬ ಪ್ರಶ್ನೆಯನ್ನು ಹೆಂಗಸರು ಬಾಯಿಬಿಟ್ಟು ಕೇಳುವುದೇ ಅಪರೂಪ. ಮಕ್ಕಳಿಲ್ಲದ ವಿಧವೆಯೊಬ್ಬಳು ಉಪಾಧ್ಯಾಯಿನಿಯಾಗಿ ದುಡಿದು ಮನೆ ಕಟ್ಟಿಸಿ, ಹಣ್ಣುಮುದುಕಿಯಾದ ತಾಯಿಯನ್ನು ಸಾಕುತ್ತಿರುವಳೆಂದು ಭಾವಿಸೋಣ. ಆಕೆ ಮರಣಶಾಸನ ಬರೆಯದೆ ತೀರಿಕೊಂಡರೆ, 15ನೆಯ ಕಲಮಿನಂತೆ ಆ ಮನೆ ಮೊದಲು ಗಂಡನ ವಾರಸುದಾರರಿಗೆ ಸೇರುವುದು. ಅವರಾರೂ ಇಲ್ಲದಿದ್ದರೆ ಮಾತ್ರ ತಾಯಿಗೆ. ತಂದೆತಾಯಿಗಳಿಂದ ಬಂದ ಆಸ್ತಿಯಾದರೆ ತಂದೆಯ ವಾರಸುದಾರರತ್ತ ಹೋಗುವುದು. ಬೆವರಿಳಿಸಿ ಗಳಿಸಿದುದಕ್ಕೆ ಆ ದಾರಿಯೂ ಇಲ್ಲ! ಕಾಯಕದ ಫಲವು ಆಕೆಯ ಮನಸ್ಸಿನಂತೆ ಸಲ್ಲಬೇಕಾದರೆ ಆಕೆಯೇ ಬರೆದಿಡಬೇಕು.

ಬರೆಯುವೆನೆಂದರೆ “ನಮ್ಮ ಮೇಲೆ ನಂಬಿಕೆಯಿಲ್ಲವೆ?” ಎಂದು ಮನೆಯವರು ಕೇಳುವರು. ಗಂಡಸು ಬರೆದಾಗ ಈ ಪ್ರಶ್ನೆ ಏಳುವುದು ಕಡಿಮೆ; ಅದು ದೂರದೃಷ್ಟಿಯೆನಿಸಿಕೊಳ್ಳುವುದು. ಕೆಲಸವಾದರೂ ದೊಡ್ಡದಲ್ಲ. ಆಕೆ ಸ್ವಸ್ಥಚಿತ್ತಳಾಗಿ ಬರೆದು ಅಥವಾ ಬರೆಯಿಸಿ ರುಜು ಹಾಕಬೇಕು. ಇಬ್ಬರು ಸಾಕ್ಷಿಗಳು ಆಕೆಯ ಎದುರಿನಲ್ಲಿ ರುಜು ಹಾಕಬೇಕು. ಮನಸ್ಸು ಬದಲಾದರೆ ಬದುಕಿರುವವರೆಗೂ ತಿದ್ದಬಹುದು, ರದ್ದುಗೊಳಿಸಬಹುದು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿಟ್ಟರೆ ಮುಂದೆ ವ್ಯಾಜ್ಯ ಬಂದಾಗ ಆಧಾರವಾಗುವುದು.