ಕಿರುವಾದ್ಯದ ಲೀಲೆ

ಗಂಭೀರವಾದುದನ್ನು ನಗುನಗುತ್ತ ನುಡಿಸಿದರೆ ಅದರ ಗಾಂಭೀರ್ಯಕ್ಕೆ ಕುಂದು ಬರುವುದೆ ಎಂಬ ಪ್ರಶ್ನೆ ದೇವಾಲಯಕ್ಕೂ ಸಂಗೀತಸಭೆಗೂ ಸಮಾನವಾದದ್ದು. ಪೂಜ್ಯವಸ್ತುವಿನ ಮುಂದೆ ದನಿ ತಗ್ಗಿಸಿ ನಿಲ್ಲುವುದೇ ಗೌರವವೆಂದು ನಂಬಿದವರಿಗೆ, ಗ್ರೇಟ್ ಬ್ರಿಟನ್ನಿನ ಯುಕುಲೇಲೆ ವಾದ್ಯವೃಂದದವರು ವಿಧ್ಯುಕ್ತವಾದ ಕಪ್ಪು ಉಡುಪನ್ನು ಧರಿಸಿ, ಸಾಲಾಗಿ ಕುಳಿತು, ಆಟಿಕೆಯಂತೆ ಕಾಣುವ ಗಿಟಾರುಗಳನ್ನು ಎದೆಗವಚಿಕೊಂಡು, ವಾಗ್ನರನ ‘ವಾಲ್ಕಿರಿಗಳ ಸವಾರಿ’ ಎಂಬ ಕೃತಿಯನ್ನು ನುಡಿಸುವ ನೋಟ ಅಪಚಾರವೆಂದೇ ತೋರೀತು. ನನಗಾದರೋ ಅದರಲ್ಲಿ ಭಕ್ತಿಯ ಒಂದು ಪ್ರಕಾರವೇ ಕಾಣುತ್ತದೆ.

ಈ ವಾದ್ಯದ ಕುಲ ದೊಡ್ಡದಲ್ಲ. 1879ರ ಆಗಸ್ಟಿನಲ್ಲಿ ಪೋರ್ಚುಗೀಸರ ಮಡೈರಾ ದ್ವೀಪದಿಂದ ಹವಾಯಿಯ ಕಬ್ಬಿನ ತೋಟಗಳ ಕೂಲಿಗೆಂದು ಜನರನ್ನು ಹೊತ್ತು ಹೊನಲುಲು ಬಂದರಿಗೆ ಬಂದ ಹಡಗಿನಲ್ಲಿ ಮೂವರು ಮರಗೆಲಸದವರಿದ್ದರು. ಅವರ ನಾಡಿನ ಪುಟ್ಟ ತಂತಿವಾದ್ಯವು ಅವರ ಕೈಯಲ್ಲಿಯೇ ಯುಕುಲೇಲೆಯಾಯಿತು, ದೊರೆ ಕಲಾಕೌವನ ಆದರವನ್ನೂ ಪಡೆಯಿತು. ಬ್ರಿಟನ್ನಿನ ವೃಂದದ ಹುಟ್ಟೂ ಅಷ್ಟೇ ಸರಳ: ಸ್ವರಮೇಳದ ಶಾಸ್ತ್ರದಲ್ಲಿ ಆಸಕ್ತಿಯಿದ್ದ ಕಿಟ್ಟಿ ಲಕ್ಸ್ ಎಂಬಾಕೆಗೆ ಸ್ನೇಹಿತ ಜಾರ್ಜ್ ಹಿಂಚ್ಲಿಫ್ ಒಂದು ಯುಕುಲೇಲೆಯನ್ನು ಕೊಟ್ಟನು, ಅಲ್ಲಿಂದ ಬೆಳೆದು 1985ರಲ್ಲಿ ವೃಂದ ಕೂಡಿತು. ಪಂಕ್ ಗೀತೆ, ಪಾಶ್ಚಾತ್ಯ ಕೌಬಾಯ್ ಚಿತ್ರದ ಸಂಗೀತ, ಗೀತನಾಟಕ ಎಂಬ ಭೇದವನ್ನೆಣಿಸದೆ, ಈ ವಾದ್ಯದಿಂದ ಯಾರೂ ನಿರೀಕ್ಷಿಸದುದನ್ನೆಲ್ಲ ಅವರು ನುಡಿಸಿದರು.

ಸಭಿಕರು ಮೊದಲು ನಗುತ್ತಾರೆ. ಕಹಳೆಗಳ ಸೈನ್ಯವನ್ನು ನಿರೀಕ್ಷಿಸಿದ್ದ ಕಿವಿಗೆ ನಾಲ್ಕು ನೈಲಾನ್ ತಂತಿಗಳ ಮೃದುವಾದ ಮೀಟು ಕೇಳಿಸಿದಾಗ ನಗು ಬಾರದಿರುವುದು ಹೇಗೆ? ಆದರೆ ನಗು ಇಳಿದ ಮೇಲೆ ಮನಸ್ಸು ತುಲನೆಯನ್ನು ಬಿಟ್ಟುಬಿಡುತ್ತದೆ. ಆಡಂಬರವೆಲ್ಲ ಕಳಚಿಹೋದ ಕೃತಿಯಲ್ಲಿ ಸ್ವರಗಳ ಪರಸ್ಪರಸಂಬಂಧವೊಂದೇ ಉಳಿದು, ಅಷ್ಟರಿಂದಲೇ ಅದು ನಿಲ್ಲಬಲ್ಲುದೆಂಬ ಅಚ್ಚರಿ ಮೂಡುತ್ತದೆ. ಪರಿಹಾಸವು ವಸ್ತುವನ್ನು ಕಿರಿದು ಮಾಡುತ್ತದೆ. ಈ ವಿನೋದವು ವಸ್ತುವನ್ನು ಹತ್ತಿರಕ್ಕೆ ತರುತ್ತದೆ.

2009ರ ಆಗಸ್ಟಿನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಪ್ರಾಮ್ಸ್ ಉತ್ಸವದ ಒಂದು ರಾತ್ರಿ, ಕೇಳುವುದಕ್ಕೆ ಬಂದಿದ್ದವರಲ್ಲಿ ನೂರಾರು ಜನ ತಮ್ಮ ತಮ್ಮ ಯುಕುಲೇಲೆಗಳನ್ನು ತಂದು, ವೃಂದದೊಡನೆ ಬೀಥೋವನ್ನನ ಒಂಬತ್ತನೆಯ ಸಿಂಫನಿಯ ಆನಂದಗೀತದ ರಾಗವನ್ನು ನುಡಿಸಿದರು. 1824ರಲ್ಲಿ ವಿಯೆನ್ನಾದಲ್ಲಿ ಆ ಕೃತಿ ಮೊದಲು ನುಡಿದಾಗ ಅದರ ಕರ್ತೃವಿಗೆ ಕಿವಿ ಕೇಳಿಸುತ್ತಿರಲಿಲ್ಲ. ಅಂಥ ಮಹಾಕೃತಿಯನ್ನು ನಿನ್ನೆ ಮೊನ್ನೆ ಕಲಿತ ಬೆರಳುಗಳು ಮುಟ್ಟುವುದಕ್ಕೆ ಸಾಧ್ಯವಾದದ್ದು ಹೇಗೆಂಬುದು ವಿಚಾರಾರ್ಹ. ಆ ರಾಗ ಬಹುಮಟ್ಟಿಗೆ ಷಡ್ಜದಿಂದ ಪಂಚಮದವರೆಗಿನ ಐದೇ ಸ್ವರಗಳಲ್ಲಿ, ಮೆಟ್ಟಿಲಿನಿಂದ ಪಕ್ಕದ ಮೆಟ್ಟಿಲಿಗೆ ಅಡಿಯಿಡುತ್ತ ನಡೆಯುತ್ತದೆ. ಒಂದು ಕಡೆ ಮಾತ್ರ ಥಟ್ಟನೆ ಮಂದ್ರಪಂಚಮಕ್ಕೆ ಇಳಿಯುತ್ತದೆ. ರೂಢಿಯ ಶ್ರುತಿಯ ಯುಕುಲೇಲೆಯಲ್ಲಿಯಾದರೋ, ನುಡಿಸುವವನ ಮುಖಕ್ಕೆ ಸಮೀಪದ ತಂತಿ ಗಿಟಾರಿನಲ್ಲಿರುವಂತೆ ಮಂದ್ರದ್ದಲ್ಲ, ಮೇಲಿನ ಪಂಚಮದ್ದು. ಮೂರನೆಯ ತಂತಿಯನ್ನು ಷಡ್ಜವಾಗಿಟ್ಟುಕೊಂಡು ಆ ರಾಗವನ್ನು ನುಡಿಸತೊಡಗಿದವನಿಗೆ ಮಂದ್ರಪಂಚಮವು ತನ್ನ ವಾದ್ಯದಲ್ಲಿ ಎಲ್ಲಿ ಹುಡುಕಿದರೂ ದೊರೆಯದು. ಅವನು ಮೇಲಿನ ತಂತಿಯನ್ನು ಮೀಟಿ ಸುಧಾರಿಸಿಕೊಳ್ಳಬೇಕು. ಪಕ್ಕದವನ ಮಡಿಲಲ್ಲಿ ಬ್ಯಾರಿಟೋನ್ ಯುಕುಲೇಲೆಯಿದ್ದರೆ, ಈತನಿಗಿಲ್ಲದ ಅದೇ ಸ್ವರ ಅದರ ಮೂರನೆಯ ತಂತಿಯಲ್ಲಿ ಬೆರಳನ್ನೂ ಒತ್ತಬೇಕಾಗಿಲ್ಲದೆ ಸಿದ್ಧವಾಗಿರುತ್ತದೆ. ಒಬ್ಬನ ನ್ಯೂನತೆ ಇನ್ನೊಬ್ಬನ ಸಹಜಸಂಪತ್ತು. ರಾಗವಾದರೋ ಇಬ್ಬರ ನಡುವೆ ಪೂರ್ಣ.

ಈ ಸಂದರ್ಭದಲ್ಲಿ ಬಾದರಾಯಣರ ಬ್ರಹ್ಮಸೂತ್ರದ ಲೀಲಾವಿಚಾರ ನನಗೆ ನೆನಪಾಗುತ್ತದೆ. ಪೂರ್ಣವಾದ ಬ್ರಹ್ಮವಸ್ತುವಿಗೆ ಸೃಷ್ಟಿಯಿಂದ ಆಗಬೇಕಾದುದೇನು ಎಂದು ಪೂರ್ವಪಕ್ಷ; ಅದು ಕೇವಲ ಲೀಲೆ ಎಂದು ಸಮಾಧಾನ. ಬಯಸಿದ್ದೆಲ್ಲ ಕೈಗೂಡಿದ ಅರಸನು ಪ್ರಯೋಜನವನ್ನು ಎಣಿಸದೆ ವಿಹರಿಸುವಂತೆ, ಉಸಿರು ತಾನಾಗಿ ಬಂದು ಹೋಗುವಂತೆ, ಎಂದು ಶಂಕರಾಚಾರ್ಯರು ಅದನ್ನು ವಿವರಿಸುತ್ತಾರೆ. ಆಲ್ಬರ್ಟ್ ಹಾಲಿಗೆ ಬಂದವರು ಆಪ್ತಕಾಮರಲ್ಲ. ಸಂಬಳ, ಸಾಲ, ಮನೆಯ ಚಿಂತೆ ಎಲ್ಲವನ್ನೂ ಹೊತ್ತು ಬಂದವರು. ಕೊರತೆಯುಳ್ಳವನ ಆಟವನ್ನು ಲೀಲೆಯೆನ್ನಬಹುದೆ? ಪೂರ್ಣತೆಯು ಲೀಲೆಗೆ ಮೊದಲೇ ಇರಬೇಕಾದ ಅರ್ಹತೆಯೆಂದಾದರೆ ಅನ್ನಲಾಗದು. ಆದರೆ ಒಟ್ಟಿಗೆ ಆಡುವಾಗಲೇ, ಆಡುವಷ್ಟು ಹೊತ್ತು, ಪೂರ್ಣತೆ ಒದಗುವುದುಂಟೆಂದು ನಾನು ನಂಬುತ್ತೇನೆ. ಅಲ್ಲಿ ನುಡಿಸಿದವರಿಗೆ ಬಹುಮಾನವಿಲ್ಲ, ಕೀರ್ತಿಯಿಲ್ಲ. ಅಷ್ಟು ಜನರ ಮೀಟಿನಲ್ಲಿ ತನ್ನ ಮೀಟು ಯಾವುದೆಂದು ಅವರಿಗೇ ಕೇಳಿಸಿರಲಾರದು. ತನ್ನದೆಂದು ಗುರುತಿಸಲಾಗದ ದನಿಗಾಗಿ ಮನುಷ್ಯನು ಇಷ್ಟು ಹರ್ಷದಿಂದ ಬೆರಳಾಡಿಸುತ್ತಾನೆಂದರೆ, ಆ ಹರ್ಷದ ಮೂಲ ಅವನ ಅಹಂಕಾರದಲ್ಲಿಲ್ಲವೆಂದಾಯಿತು.

ಏಕಾಂತದಲ್ಲಿ ಒಂದು ರಾಗವನ್ನು ವರ್ಷಗಟ್ಟಲೆ ಉಪಾಸಿಸುವ ವಿದ್ವಾಂಸನ ತಪಸ್ಸಿಗೆ ಇದು ಬದಲಾಗದು; ಎರಡರ ಅಧಿಕಾರವೂ ಬೇರೆ. ಉಸಿರಿನ ಉಪಮೆ ಕೂಡ ಈ ವೃಂದಕ್ಕೆ ಪೂರ್ತಿ ಸಲ್ಲದು. ವಾಗ್ನರನ ಭಾರವನ್ನು ಅಲ್ಪಪ್ರಾಣದ ತಂತಿಗಳ ಮೇಲೆ ಹಂಚುವುದಕ್ಕೆ, ಮೀಟಿದೊಡನೆ ಅಡಗಿಹೋಗುವ ಸ್ವರವನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ತಪ್ಪದೆ ದಾಟಿಸುವುದಕ್ಕೆ, ಬಹಳ ಶ್ರಮ ಬೇಕು. ಅಷ್ಟರಮಟ್ಟಿಗೆ ಈಶ್ವರನ ಲೀಲೆಯೂ ಮನುಷ್ಯರ ಲೀಲೆಯೂ ಬೇರೆಯೆಂದು ಒಪ್ಪಲೇಬೇಕು.