ಗರಗರ ಸದ್ದಿನ ಆಚೆಯ ದನಿ

ಪಾಂಡವಪುರದ ನಮ್ಮ ಮನೆಯಲ್ಲಿ ಒಂದು ಹಳೆಯ ಕ್ಯಾಸೆಟ್ ಇದೆ. ಅಕ್ಕನ ಮೆಹಂದಿಯ ರಾತ್ರಿ ಅಮ್ಮಿ ಢೋಲಕ್ ಬಡಿಯುತ್ತಾ ಹಾಡಿದ್ದು. ಹಿಂದೆ ಆಲೆಮನೆಯ ಗಾಣದ ಸದ್ದು, ಮಕ್ಕಳ ಅಳು. ಅಮ್ಮಿ ಈಗಿಲ್ಲ. ಮೊನ್ನೆ ನನ್ನ ಮಗ ಅದನ್ನು ಕಂಪ್ಯೂಟರಿಗೆ ಹಾಕಿ, ಗದ್ದಲವನ್ನೆಲ್ಲ ಅಳಿಸಿ ಕೇಳಿಸಿದ. ದನಿ ತಿಳಿಯಾಗಿತ್ತು. ಆದರೆ ಸಾಲುಗಳ ನಡುವೆ ಅವಳು ಎಳೆದುಕೊಳ್ಳುತ್ತಿದ್ದ ಉಸಿರೂ ಮಾಯವಾಗಿತ್ತು. “ಚೆನ್ನಾಗಿಲ್ವಾ ಅಬ್ಬಾ?” ಎಂದ. ಏನು ಹೇಳಲಿ?

ಆಗ ನೆನಪಾದವರು ಗೌಹರ್ ಜಾನ್. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಅವರ ಹಾಡುಗಳನ್ನು ಮುದ್ರಿಸಿಕೊಂಡರು. ಮೈಕ್ ಇಟ್ಟು ಮುದ್ರಿಸುವ ಪದ್ಧತಿ ಬಂದದ್ದು 1925ರಲ್ಲಿ. ಅಲ್ಲಿಯವರೆಗೆ ಕಹಳೆಯಂಥ ಕೊಳವೆಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕಿತ್ತು. ಗಂಟೆಗಟ್ಟಲೆ ಅರಳಬೇಕಾದ ರಾಗ ಮೂರು ನಿಮಿಷದಲ್ಲಿ ಮುಗಿಯಬೇಕು. ಮಂದ್ರದ ಆಳ, ತಂಬೂರಿಯ ಝೇಂಕಾರ ಆ ಅರಗಿನ ತಟ್ಟೆಗೆ ಹತ್ತಲೇ ಇಲ್ಲ. ಇಷ್ಟು ದೊಡ್ಡ ಗಾಯಕಿಗೆ ಇಷ್ಟು ಬಡ ಯಂತ್ರ! 1928ರಲ್ಲಿ ಅವರು ಮೈಸೂರು ಅರಮನೆಯ ಗಾಯಕಿಯಾಗಿ ಬಂದಾಗ ಇತ್ತ ಕನ್ನಂಬಾಡಿ ಕಟ್ಟೆ ಏಳುತ್ತಿತ್ತು. 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಯಂತ್ರವನ್ನು ದೂರುವುದು ಸುಲಭ. ಆದರೆ ಅದೇ ಅರಮನೆಯಲ್ಲಿ ಹಾಡಿದ ಆಗ್ರಾ ಘರಾನೆಯ ನತ್ಥನ್ ಖಾನರು ಗ್ರಾಮಫೋನ್ ಬರುವ ಮುನ್ನವೇ ಹೋದರು. ಅವರದು ಹೆಸರಷ್ಟೇ ಉಳಿದಿದೆ, ದನಿಯಿಲ್ಲ.

ಹಾಗಾದರೆ ಉಳಿದುಬಂದ ದನಿಯನ್ನು ಶುಚಿಗೊಳಿಸುವುದು ತಪ್ಪೇ? ತಪ್ಪಲ್ಲ. ಆದರೆ ತಟ್ಟೆಯ ಸುಯ್ಯೆನ್ನುವ ಸದ್ದು, ಹಾಡುವವರ ಉಸಿರು, ಸ-ಶಗಳ ಉಚ್ಚಾರ ಬಹುಮಟ್ಟಿಗೆ ಒಂದೇ ಸ್ವರಮಟ್ಟದಲ್ಲಿ ಬೆರೆತಿರುತ್ತವೆ. ಒಂದನ್ನು ಕಿತ್ತರೆ ಇನ್ನೊಂದರ ಬೇರೂ ಅಲುಗುತ್ತದೆ. ಯಾವುದು ಕಸ, ಯಾವುದು ಹಾಡು ಎಂಬ ತೀರ್ಮಾನವನ್ನು ನಾವು ಮಾಡುತ್ತಿದ್ದೇವೆ. ಹಾಡಿದವರಿಗೆ ಎದ್ದು ಬಂದು ಬೇಡವೆನ್ನಲು ಆಗದು.

ಬದುಕಿರುವವರ ವಿಷಯದಲ್ಲೂ ನಾವು ಹೀಗೇ ಅಲ್ಲವೇ? ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ನಮ್ಮ ಹೆಂಗಸೊಬ್ಬಳು ಹರಕುಮುರುಕು ಕನ್ನಡದಲ್ಲಿ ಅಹವಾಲು ಹೇಳಿದರೆ, ಆ ಹರಕು ಭಾಷೆಯಷ್ಟೇ ಕಿವಿಗೆ ಬೀಳುತ್ತದೆ, ಅಹವಾಲು ಬೀಳುವುದಿಲ್ಲ. ಗದ್ದಲದ ನಡುವೆ ದನಿಯನ್ನು ಹುಡುಕಿಕೊಳ್ಳುವುದು ಹೇಳುವವರ ಹೊಣೆಯಷ್ಟೇ ಅಲ್ಲ, ಕೇಳುವವರದ್ದೂ ಹೌದು.

ಮಗನಿಗೆ ಹೇಳಿದೆ: “ನಿನ್ನದೂ ಇರಲಿ ಬೇಟಾ, ಮೂಲದ್ದನ್ನು ಮಾತ್ರ ಅಳಿಸಬೇಡ.” ಆ ರಾತ್ರಿ ಇಬ್ಬರೂ ಹಳೆಯದನ್ನೇ ಹಾಕಿಕೊಂಡು ಕೂತೆವು. ನಡುವೆ ಕರೆಂಟು ಹೋಗಿರಬೇಕು, ಗಾಣ ನಿಂತಿತು. ಅಮ್ಮಿ ಒಮ್ಮೆ ಉಸಿರೆಳೆದು ಮುಂದಿನ ಸಾಲು ಎತ್ತಿಕೊಂಡಳು.